ಸಾವಿರ ಬಾಟ್‌ಗೆ ಒಂದು ದಿನ: ಕಡಿಮೆ ಖರ್ಚಿನಲ್ಲಿ ಬ್ಯಾಂಕಾಕ್ ನೋಡುವ ಬಗೆ

ಬ್ಯಾಂಕಾಕಿಗೆ ನಾನು ಮೊದಲ ಸಲ ಹೋದಾಗ ಎಲ್ಲ ಕಡೆ ಟ್ಯಾಕ್ಸಿಯಲ್ಲೇ ಓಡಾಡಿದೆ. ನಾಲ್ಕು ದಿನಕ್ಕೆ ತಂದ ದುಡ್ಡೆಲ್ಲ ಮುಗಿಯಿತು. ಊರು ಮಾತ್ರ ಕಾರಿನ ಗಾಜಿನಾಚೆಯೇ ಉಳಿಯಿತು. ಆಮೇಲೆ ಅಮ್ಮನನ್ನು ಕರೆದುಕೊಂಡು ಹೋದೆ. ಆಗ ದೋಣಿ, ರೈಲು, ಫುಡ್ ಕೋರ್ಟ್ ಊಟ ಅಂತ ಅಲ್ಲಿನ ಜನರ ಹಾಗೆಯೇ ಓಡಾಡಿದೆವು. ತಲಾ ಖರ್ಚು ಅರ್ಧಕ್ಕಿಂತ ಕಡಿಮೆ ಆಯಿತು, ನೋಡಿದ್ದು ಎರಡರಷ್ಟು. ಈ ಊರಿನಲ್ಲಿ ಅಗ್ಗದ ದಾರಿಯೇ ಒಳ್ಳೆಯ ದಾರಿ ಎಂದು ನನಗೆ ಆಗ ಗೊತ್ತಾಯಿತು. ಆ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲೇ ಒಂದು ಲೆಕ್ಕ ತಲೆಯಲ್ಲಿರಲಿ. ಅಲ್ಲಿನ ನಾಣ್ಯ ಬಾಟ್. ಬೆಲೆ ಕಂಡಾಗ ಮೂರರಿಂದ ಗುಣಿಸಿ, ಹತ್ತಿರತ್ತಿರ ರೂಪಾಯಿ ಸಿಗುತ್ತದೆ. ನಿಜವಾದ ದರ ಸಾಮಾನ್ಯವಾಗಿ ಮೂರಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ, ಹಾಗಾಗಿ ಕೊನೆಗೆ ನಾಲ್ಕು ಕಾಸು ಉಳಿಯುತ್ತದೆಯೇ ಹೊರತು ಕೈ ಕಚ್ಚುವುದಿಲ್ಲ.

ಹೆಜ್ಜೆ 1: ಟಿಕೆಟ್ ಮತ್ತು ಕಾಗದಪತ್ರ

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನ, ಆದರೆ ರೂಮಿನ ಬಾಡಿಗೆ ಜಾಸ್ತಿ. ಏಪ್ರಿಲ್‌ನಲ್ಲಿ ಬಿಸಿಲು ತಡೆಯಲಾಗುವುದಿಲ್ಲ. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅಂದರೆ ಅವರ ಹೊಸ ವರ್ಷದ ನೀರಾಟ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ನನ್ನನ್ನು ಕೇಳಿದರೆ ಜೂನ್, ಜುಲೈ ಒಳ್ಳೆಯದು. ಮಳೆ ಸುರಿದರೂ ಒಂದೆರಡು ತಾಸಿನಲ್ಲಿ ಬಿಡುವುದೇ ಹೆಚ್ಚು, ರೂಮು ಅಗ್ಗ.

ಬೆಂಗಳೂರಿನಿಂದ ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆಯ ಹಾರಾಟ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಟಿಕೆಟ್ ತೆಗೆಯುವಾಗ ಎರಡು ವಿಷಯ ನೋಡಿ. ಒಂದು, ಯಾವ ವಿಮಾನ ನಿಲ್ದಾಣ. ಅಲ್ಲಿ ಎರಡಿವೆ: ಹೊಸದು ಸುವರ್ಣಭೂಮಿ, ಹಳೆಯದು ಡಾನ್ ಮುಯಾಂಗ್. ಎರಡೂ ಊರಿನ ಬೇರೆ ಬೇರೆ ದಿಕ್ಕಿನಲ್ಲಿವೆ. ಇನ್ನೊಂದು, ಇಳಿಯುವ ಹೊತ್ತು. ನಡುರಾತ್ರಿ ಇಳಿದರೆ ರೈಲು ಇರುವುದಿಲ್ಲ, ಟ್ಯಾಕ್ಸಿಗೇ ದುಡ್ಡು ಸುರಿಯಬೇಕು. ರಾತ್ರಿ ಹೊರಟು ಬೆಳಗಿನ ಜಾವ ಇಳಿಯುವ ವಿಮಾನ ಎಷ್ಟೋ ವಾಸಿ. ಒಂದು ರಾತ್ರಿಯ ಬಾಡಿಗೆಯೂ ಉಳಿಯುತ್ತದೆ. ಅಗ್ಗದ ಟಿಕೆಟಿನಲ್ಲಿ ಚೆಕ್ ಇನ್ ಲಗೇಜಿಗೆ ಬೇರೆ ದುಡ್ಡು ಕೇಳುವುದುಂಟು. ಏಳು ಕಿಲೋ ಬ್ಯಾಗಿನಲ್ಲಿ ಮುಗಿಸಿಬಿಡಿ. ಆ ಸೆಖೆಗೆ ಕಾಟನ್ ಬಟ್ಟೆ ನಾಲ್ಕು ಜೊತೆ ಸಾಕು.

2024ರ ಜುಲೈಯಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟಿತು. ಇಂಥ ನಿಯಮ ಬದಲಾಗುತ್ತಿರುತ್ತದೆ, ಹಾಗಾಗಿ ಟಿಕೆಟ್ ತೆಗೆಯುವ ದಿನವೇ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯವಾಗಿದೆ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ಒಂದು ಪೈಸೆಯೂ ಇಲ್ಲ. ಯಾವುದಾದರೂ ವೆಬ್‌ಸೈಟ್ ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ, ಅಲ್ಲಿಂದ ಹೊರಗೆ ಬನ್ನಿ. ವಾಪಸ್ ಟಿಕೆಟ್ ಮತ್ತು ರೂಮಿನ ಬುಕಿಂಗ್ ಎರಡನ್ನೂ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಇಮಿಗ್ರೇಷನ್‌ನಲ್ಲಿ ಕೇಳಿದರೆ ಮೊಬೈಲ್ ತಡಕಾಡುವ ಪಾಡು ಇರುವುದಿಲ್ಲ.

ಹೆಜ್ಜೆ 2: ದುಡ್ಡು

ಹೊರಡುವ ದಿನ ಇಲ್ಲಿನ ಏರ್‌ಪೋರ್ಟ್ ಕೌಂಟರಿನಲ್ಲಿ ಬಾಟ್ ಕೊಳ್ಳಬೇಡಿ. ನಾನು ಒಂದು ಸಲ ಕೊಂಡು, ಅಲ್ಲಿ ಇಳಿದ ಮೇಲೆ ದರ ನೋಡಿ ಸಂಕಟಪಟ್ಟೆ. ಎರಡು ದಿನದ ಊಟದ ಕಾಸು ಹೋಗಿತ್ತು. ಊರಿನಲ್ಲೇ ಎರಡು ಮೂರು ಕಡೆ ವಿಚಾರಿಸಿ 100 ಡಾಲರಿನ ಹೊಸ ನೋಟು ತೆಗೆದುಕೊಳ್ಳಿ. ಸಣ್ಣ ನೋಟಿಗಿಂತ ದೊಡ್ಡ ನೋಟಿಗೆ ಅಲ್ಲಿ ದರ ಜಾಸ್ತಿ. ಮಡಿಕೆ, ಗೀಚು, ಸೀಲು ಇರಬಾರದು.

ಸುವರ್ಣಭೂಮಿಯಲ್ಲಿ ಸಾಮಾನು ತೆಗೆದುಕೊಂಡು ಹೊರಗೆ ಬರುತ್ತಿದ್ದಂತೆ ಕಾಣುವ ಬ್ಯಾಂಕ್ ಕೌಂಟರುಗಳಲ್ಲಿ ಡಾಲರಿಗೆ ಸಿಗುವ ಬಾಟ್ ಕಡಿಮೆ. ಎಸ್ಕಲೇಟರ್ ಹಿಡಿದು ಕೆಳಗೆ, ರೈಲು ಹೊರಡುವ ಬಿ ಮಹಡಿಗೆ ಇಳಿಯಿರಿ. ಅಲ್ಲಿ ಸೂಪರ್‌ರಿಚ್ ಥರದ, ಹಣ ಬದಲಿಸುವ ಖಾಸಗಿ ಅಂಗಡಿಗಳು ಸಾಲಾಗಿವೆ. ಅವು ಕೊಡುವ ದರ ಊರೊಳಗಿನ ದರಕ್ಕೆ ಹತ್ತಿರ. ಎಟಿಎಂನಲ್ಲಿ ನಮ್ಮ ಕಾರ್ಡ್ ಹಾಕಿದರೆ ಅಲ್ಲಿನ ಬ್ಯಾಂಕು ಪ್ರತಿ ಸಲ 220 ಬಾಟ್ ಅಥವಾ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಆಗಾಗ 500 ಬಾಟ್ ತೆಗೆಯುವುದು ನಷ್ಟ, ತೆಗೆದರೆ ಒಟ್ಟಿಗೇ ತೆಗೆಯಿರಿ. ಮೆಷಿನ್ ರೂಪಾಯಿಯಲ್ಲಿ ಕಳೆಯಲಾ, ಬಾಟ್‌ನಲ್ಲಿ ಕಳೆಯಲಾ ಅಂತ ಕೇಳಿದರೆ ಬಾಟ್ ಒತ್ತಿ.

ಹೆಜ್ಜೆ 3: ರೂಮು ಎಲ್ಲಿ

ಅಗ್ಗದ ಪ್ರವಾಸಿಗರು ಅಂದ ಕೂಡಲೇ ಎಲ್ಲರೂ ಖಾವ್ ಸಾನ್ ರಸ್ತೆ ಎನ್ನುತ್ತಾರೆ. ನನಗೆ ಆ ಜಾಗ ಹಿಡಿಸಲಿಲ್ಲ. ರಾತ್ರಿಯಿಡೀ ಸದ್ದು, ಹತ್ತಿರದಲ್ಲಿ ಮೆಟ್ರೋ ಇಲ್ಲ. ನನ್ನ ಸಲಹೆ ಎಂಆರ್‌ಟಿ ಎಂಬ ಮೆಟ್ರೋದ ನೀಲಿ ಮಾರ್ಗದ ಹುವಾ ಲಂಫೋಂಗ್, ವಾಟ್ ಮಂಗ್‌ಕೊನ್, ಸಾಮ್ ಯೋಟ್ ನಿಲ್ದಾಣಗಳ ಸುತ್ತಮುತ್ತ. ಇದು ಚೈನಾಟೌನ್ ಕಡೆ. ಹಳೆಯ ಅಂಗಡಿಮನೆಗಳನ್ನು ಹಾಸ್ಟೆಲ್ ಮಾಡಿದ್ದಾರೆ. ಡಾರ್ಮಿಟರಿ ಹಾಸಿಗೆ 300ರಿಂದ 500 ಬಾಟ್. ಇಬ್ಬರಿದ್ದರೆ ಹಾಸ್ಟೆಲ್ ಬೇಡ, ಸುಮಾರು 800 ಬಾಟ್‌ಗೆ ಸಣ್ಣ ಎಸಿ ರೂಮು ಹುಡುಕಿ. ಅಮ್ಮನಿಗೆ ಮಹಡಿ ಹಾಸಿಗೆ ಹತ್ತಿಸುವ ಕಷ್ಟವೂ ತಪ್ಪಿತು.

ಬುಕ್ ಮಾಡುವ ಮುಂಚೆ ಮ್ಯಾಪಿನಲ್ಲಿ ನಿಲ್ದಾಣದಿಂದ ಎಷ್ಟು ನಿಮಿಷದ ನಡಿಗೆ ಅಂತ ನೋಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಬಿಟ್ಟುಬಿಡಿ. ಆ ಬಿಸಿಲಿನಲ್ಲಿ ಹದಿನೈದು ನಿಮಿಷ ನಡೆದವರು ಮಾರನೇ ದಿನ ಟ್ಯಾಕ್ಸಿ ಕರೆಯುತ್ತಾರೆ, ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ.

ಹೆಜ್ಜೆ 4: ಏರ್‌ಪೋರ್ಟಿನಿಂದ ರೂಮಿಗೆ

ಸುವರ್ಣಭೂಮಿಯ ಬಿ ಮಹಡಿಯಿಂದಲೇ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತದೆ. ಬೆಳಗ್ಗೆ ಐದೂವರೆಗೆ ಶುರು, ನಡುರಾತ್ರಿವರೆಗೆ ಇರುತ್ತದೆ. ಕೊನೆಯ ನಿಲ್ದಾಣ ಫಾಯಾ ಥಾಯ್‌ಗೆ 45 ಬಾಟ್, ಅರ್ಧ ಗಂಟೆ. ಅಲ್ಲಿ ಬಿಟಿಎಸ್ ಸ್ಕೈಟ್ರೇನ್, ಅಂದರೆ ರಸ್ತೆಯ ಮೇಲೆ ಎತ್ತರದಲ್ಲಿ ಓಡುವ ಮೆಟ್ರೋ ಸಿಗುತ್ತದೆ. ಚೈನಾಟೌನ್ ಕಡೆ ರೂಮಿದ್ದರೆ ಮಕ್ಕಸನ್‌ನಲ್ಲಿ ಇಳಿದು, ಮೇಲ್ಸೇತುವೆ ದಾಟಿ, ಫೆಚ್‌ಬುರಿ ನಿಲ್ದಾಣದಲ್ಲಿ ಎಂಆರ್‌ಟಿ ಹಿಡಿಯಿರಿ. ಖಾವ್ ಸಾನ್ ಕಡೆಗೆ ಎಸ್1 ಬಸ್ಸಿದೆ, 60 ಬಾಟ್. ಡಾನ್ ಮುಯಾಂಗಿನಲ್ಲಿ ಇಳಿದವರಿಗೆ ಎ1ರಿಂದ ಎ4ರವರೆಗೆ ಬಸ್ಸುಗಳಿವೆ, 30ರಿಂದ 50 ಬಾಟ್. ಎ1 ಹಿಡಿದರೆ ಚಟುಚಕ್ ಹತ್ತಿರ ಮೆಟ್ರೋ ಸಿಗುತ್ತದೆ.

ಎಂಆರ್‌ಟಿ ಗೇಟಿನಲ್ಲಿ ಮುಟ್ಟಿಸಿ ಪಾವತಿಸುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ನಡೆಯುತ್ತದೆ, ಟೋಕನ್ನಿಗೆ ಸಾಲು ನಿಲ್ಲಬೇಕಿಲ್ಲ. ಬಿಟಿಎಸ್ ಬೇರೆ ಕಂಪನಿಯದ್ದು, ಅದಕ್ಕೆ ಬೇರೆ ಟಿಕೆಟ್. ಒಂದರ ಕಾರ್ಡ್ ಇನ್ನೊಂದಕ್ಕೂ ಆಗುತ್ತದೆ ಅಂದುಕೊಳ್ಳಬೇಡಿ.

ಹೆಜ್ಜೆ 5: ನೀರಿನ ಮೇಲೆ ಓಡಾಡುವುದು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ. ಬ್ಯಾಂಕಾಕಿನ ರಸ್ತೆಯಲ್ಲಿ ಟ್ರಾಫಿಕ್ ಸಿಲ್ಕ್ ಬೋರ್ಡಿಗೇನೂ ಕಡಿಮೆಯಿಲ್ಲ. ನೀರಿನಲ್ಲಿ ಸಿಗ್ನಲ್ ಇಲ್ಲ.

ಚಾವೋ ಫ್ರಾಯಾ ನದಿಯಲ್ಲಿ ಜನರು ಕೆಲಸಕ್ಕೆ ಹೋಗುವ ಎಕ್ಸ್‌ಪ್ರೆಸ್ ದೋಣಿಗಳಿವೆ. ಬಿಟಿಎಸ್‌ನ ಸಫಾನ್ ಟಾಕ್ಸಿನ್ ನಿಲ್ದಾಣದಲ್ಲಿ ಇಳಿದರೆ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಅಲ್ಲಿ ಪ್ರವಾಸಿ ದೋಣಿಯವರು ಮೊದಲು ಕೂಗಿ ಕರೆಯುತ್ತಾರೆ. ಅದು ನೀಲಿ ಬಾವುಟದ್ದು, ದರ ಹೆಚ್ಚುಕಡಿಮೆ ಎರಡರಷ್ಟು. ನೀವು ಕಿತ್ತಳೆ ಬಾವುಟದ ದೋಣಿ ಕೇಳಿ. ಎಷ್ಟು ದೂರ ಹೋದರೂ ಸುಮಾರು 16 ಬಾಟ್. ಚೈನಾಟೌನಿಗೆ ರಾಚವೊಂಗ್, ವಾಟ್ ಫೋ ಗುಡಿಗೆ ಥಾ ತಿಯನ್, ಅರಮನೆಗೆ ಥಾ ಚಾಂಗ್, ಖಾವ್ ಸಾನ್ ಕಡೆಗೆ ಫ್ರಾ ಆಥಿಟ್: ಈ ನಾಲ್ಕು ಕಟ್ಟೆಗಳ ಹೆಸರು ಬರೆದಿಟ್ಟುಕೊಳ್ಳಿ. ದೋಣಿ ಹತ್ತಿರ ಬಂದಾಗ ಹಿಂಬದಿಯಲ್ಲಿ ನಿಂತವನು ಸೀಟಿ ಊದಿ ಊದಿ ಚಾಲಕನಿಗೆ ಎಷ್ಟು ಹಿಂದೆ, ಎಷ್ಟು ಪಕ್ಕಕ್ಕೆ ಅಂತ ಹೇಳುತ್ತಾನೆ. ಸೀಟಿ ಕೇಳಿದ ಕೂಡಲೇ ಎದ್ದು ನಿಲ್ಲಿ, ದೋಣಿ ನಿಲ್ಲುವುದು ಅರೆ ನಿಮಿಷ. ಹಿಂದುಗಡೆ ಬೌದ್ಧ ಭಿಕ್ಕುಗಳಿಗೆ ಜಾಗ ಬಿಟ್ಟಿರುತ್ತಾರೆ, ಅಲ್ಲಿ ನಿಲ್ಲಬೇಡಿ. ಹೆಂಗಸರು ಭಿಕ್ಕುಗಳಿಗೆ ಮೈ ತಾಗದಂತೆ ನೋಡಿಕೊಳ್ಳಬೇಕು.

ಇನ್ನೊಂದು ಸೇನ್ ಸೇಪ್ ಕಾಲುವೆಯ ದೋಣಿ. ಪ್ರವಾಸಿಗರು ಇದನ್ನು ಹತ್ತುವುದು ಕಡಿಮೆ. ನೀರು ಕಪ್ಪು, ವಾಸನೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನನಗೆ ಆ ಊರಿನಲ್ಲಿ ತುಂಬ ಇಷ್ಟವಾದದ್ದು ಇದೇ. ಉದ್ದನೆಯ, ತಗ್ಗಿನ ದೋಣಿ. ಎರಡೂ ಪಕ್ಕಕ್ಕೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿರುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬಂದರೆ ನೀರು ಎರಚುತ್ತದೆ. ಆಗ ಅಂಚಿನಲ್ಲಿ ಕುಳಿತವರು ಹಗ್ಗ ಜಗ್ಗಿ ಆ ಹಾಳೆಯನ್ನು ಮೇಲೆತ್ತುತ್ತಾರೆ, ದೋಣಿ ದಾಟಿದ ಮೇಲೆ ಬಿಡುತ್ತಾರೆ. ನೀವು ಅಂಚಿನಲ್ಲಿದ್ದರೆ ಆ ಕೆಲಸ ನಿಮ್ಮದೇ. ಕಂಡಕ್ಟರ್ ಒಳಗೆ ಬರುವುದಿಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು, ದೋಣಿಯ ಹೊರ ಅಂಚಿನ ಮೇಲೆ ಅಂಗೈ ಅಗಲದ ಜಾಗದಲ್ಲಿ ನಡೆಯುತ್ತಾ ಟಿಕೆಟ್ ಕೊಡುತ್ತಾರೆ. ಸೇತುವೆ ಬಂದಾಗ ತಲೆ ತಗ್ಗಿಸಿ ಮತ್ತೆ ಏಳುತ್ತಾರೆ. ನಾವು ಹೋದಾಗ ಐವತ್ತು ದಾಟಿದ ಒಬ್ಬ ಹೆಂಗಸು ಈ ಕೆಲಸ ಮಾಡುತ್ತಿದ್ದರು. ಅಮ್ಮ ದಾರಿಯುದ್ದಕ್ಕೂ ಅವರ ಕಾಲನ್ನೇ ನೋಡುತ್ತಿದ್ದರು. ದರ 10ರಿಂದ 25 ಬಾಟ್ ಒಳಗೆ. ಹಳೆಯ ಊರಿನ ಫಾನ್ ಫಾ ಕಟ್ಟೆಯಲ್ಲಿ ಹತ್ತಿದರೆ ಹುವಾ ಚಾಂಗ್‌ನಲ್ಲಿ ಇಳಿದು ಸಿಯಾಮ್ ಕಡೆಯ ಮಾಲುಗಳಿಗೆ ನಡೆದು ಹೋಗಬಹುದು. ಇನ್ನೂ ಮುಂದೆ ಪ್ರತುನಾಮ್‌ನಲ್ಲಿ ಸಗಟು ಬಟ್ಟೆಯ ಮಾರುಕಟ್ಟೆ. ರಾತ್ರಿ 7ರ ಮೇಲೆ ಎರಡೂ ದೋಣಿಗಳನ್ನು ನಂಬಿಕೊಳ್ಳಬೇಡಿ.

ರಾತ್ರಿ ತಡವಾದರೆ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್ ಸಾಕು. ರಸ್ತೆಯ ಟ್ಯಾಕ್ಸಿ ಹತ್ತಿದರೆ ಮೀಟರ್ ಹಾಕಿಸಿ, ಅದು 35 ಬಾಟ್‌ನಿಂದ ಶುರುವಾಗುತ್ತದೆ.

ಹೆಜ್ಜೆ 6: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮಾಂಸ ತಿನ್ನುವವರಿಗೆ ತೊಂದರೆಯೇ ಇಲ್ಲ, ಬೀದಿಯಲ್ಲಿ 50, 60 ಬಾಟ್‌ಗೆ ಒಳ್ಳೆಯ ಊಟ. ನಮ್ಮಂಥ ಸಸ್ಯಾಹಾರಿಗಳಿಗೆ ಸ್ವಲ್ಪ ತಯಾರಿ ಬೇಕು. ಬರೀ ತರಕಾರಿ ಕಾಣುವ ಪದಾರ್ಥಕ್ಕೂ ನಾಮ್ ಪ್ಲಾ, ಅಂದರೆ ಮೀನಿನ ಸಾಸ್ ಬೀಳುತ್ತದೆ. ಪಪ್ಪಾಯಿಕಾಯಿಯ ಕೋಸಂಬರಿ ಥರದ ಸೋಮ್ ತಾಮ್‌ಗೆ ಒಣ ಸೀಗಡಿ ಹಾಕುತ್ತಾರೆ.

ಕಲಿಯಬೇಕಾದ್ದು ಎರಡು ಮಾತು. ಮೊದಲನೆಯದು ಜೇ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ, ನೋಡಲು ನಮ್ಮ ಕಣ್ಣಿಗೆ 17 ಬರೆದ ಹಾಗೆ. ಆ ಬಾವುಟ ಕಂಡ ಕಡೆ ಕಣ್ಣು ಮುಚ್ಚಿ ತಿನ್ನಬಹುದು. ಅನ್ನಕ್ಕೆ ಎರಡು ಪಲ್ಯ ಹಾಕಿಸಿಕೊಂಡರೆ ಸುಮಾರು 50 ಬಾಟ್. ಎರಡನೆಯ ಮಾತು ಮಂಗ್ಸವಿರಾತ್. ಬಿಡಿಸಿ ನೋಡಿ: ಮಾಂಸ ವಿರತಿ! ನಮಗೆ ಮರೆಯುವುದೇ ಇಲ್ಲ ಅಲ್ವಾ? ಇದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ಬೇಡದಿದ್ದರೆ 'ಮೈ ಸಾಯ್ ಖಾಯ್', ಮೀನಿನ ಸಾಸ್ ಬೇಡದಿದ್ದರೆ 'ಮೈ ಸಾಯ್ ನಾಮ್ ಪ್ಲಾ' ಅನ್ನಿ. ಗಂಡಸರು ಕೊನೆಗೆ 'ಖ್ರಾಪ್', ಹೆಂಗಸರು 'ಖಾ' ಸೇರಿಸಿದರೆ ಮರ್ಯಾದೆ.

ಬೀದಿಯಲ್ಲಿ ಕೇಳಲು ಸಂಕೋಚ ಇದ್ದರೆ ಅಶೋಕ್ ನಿಲ್ದಾಣದ ಪಕ್ಕದ ಟರ್ಮಿನಲ್ 21 ಮಾಲಿಗೆ ಹೋಗಿ. ಮೇಲಿನ ಮಹಡಿಯ ಪಿಯರ್ 21 ಫುಡ್ ಕೋರ್ಟಿನಲ್ಲಿ ಸಸ್ಯಾಹಾರಿ ಅಂಗಡಿಯೂ ಇದೆ. ಮಾಲ್ ಅಂತ ಹೆದರಬೇಡಿ, ಬೆಲೆ ಬೀದಿಯದ್ದೇ. ಮೊದಲು ಕೌಂಟರಿನಲ್ಲಿ ದುಡ್ಡು ಕೊಟ್ಟು ಕಾರ್ಡ್ ತೆಗೆದುಕೊಳ್ಳಬೇಕು, ಉಳಿದದ್ದನ್ನು ಅದೇ ದಿನ ವಾಪಸ್ ಕೊಡುತ್ತಾರೆ. ತಟ್ಟೆ ಹಿಡಿದು ಎಸಿಯಲ್ಲಿ ಕುಳಿತರೆ ಮಧ್ಯಾಹ್ನದ ಬಿಸಿಲು ಕಳೆಯುತ್ತದೆ.

ಬೀದಿಯಲ್ಲಿ ಹಣ್ಣಿನ ಗಾಡಿಗಳು ಎಲ್ಲೆಲ್ಲೂ ಇವೆ. ಸೀಬೆ, ಅನಾನಸ್, ಕಲ್ಲಂಗಡಿ ಹೆಚ್ಚಿ ಕವರಿಗೆ ಹಾಕಿ, ಒಂದು ಕಡ್ಡಿ ಚುಚ್ಚಿ, ಉಪ್ಪು ಖಾರದ ಪೊಟ್ಟಣ ಸೇರಿಸಿ ಕೊಡುತ್ತಾರೆ. 20, 30 ಬಾಟ್. ಏಪ್ರಿಲ್, ಮೇನಲ್ಲಿ ಹೋದರೆ ತೆಂಗಿನ ಹಾಲು ಹಾಕಿದ ಅಂಟು ಅನ್ನದ ಜೊತೆ ಮಾವಿನಹಣ್ಣು ತಿನ್ನದೆ ಬರಬೇಡಿ. ಫಾಹುರಾತ್‌ನಲ್ಲಿ ಪುಟ್ಟ ಇಂಡಿಯಾವೇ ಇದೆ, ಅಲ್ಲಿನ ಗುರುದ್ವಾರದಲ್ಲಿ ಲಂಗರ್ ಎಂಬ ಪುಕ್ಕಟೆ ಊಟ ಸಿಗುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ, ಕೈಲಾದದ್ದು ಹುಂಡಿಗೆ ಹಾಕಿ. ಇಂಡಿಯನ್ ಹೋಟೆಲುಗಳು ಬೇಕಾದಷ್ಟಿವೆ, ಆದರೆ ಒಂದು ಮಸಾಲೆ ದೋಸೆಯ ದುಡ್ಡಿಗೆ ಜೇ ಅಂಗಡಿಯಲ್ಲಿ ಎರಡು ಮೂರು ಊಟ ಆಗುತ್ತದೆ.

ನಲ್ಲಿ ನೀರು ಕುಡಿಯಬೇಡಿ. ಬೀದಿ ಬದಿಯ ನೀರಿನ ಮೆಷಿನ್ನಿಗೆ ಒಂದೆರಡು ಬಾಟ್ ನಾಣ್ಯ ಹಾಕಿದರೆ ಬಾಟಲಿ ತುಂಬುತ್ತದೆ. ಖಾಲಿ ಬಾಟಲಿ ಮನೆಯಿಂದಲೇ ಒಯ್ಯಿರಿ.

ಹೆಜ್ಜೆ 7: ಯಾವುದಕ್ಕೆ ದುಡ್ಡು ಕೊಡಬೇಕು

ಗ್ರ್ಯಾಂಡ್ ಪ್ಯಾಲೇಸ್‌ಗೆ 500 ಬಾಟ್. ದುಬಾರಿ ಹೌದು, ಬಿಡಬೇಡಿ. ಒಳಗಿನ ವಾಟ್ ಫ್ರಾ ಕೇವ್ ಗುಡಿಯ ಸುತ್ತಿನ ಪಡಸಾಲೆಯ ಗೋಡೆಯಲ್ಲಿ 178 ಚಿತ್ರಗಳಲ್ಲಿ ರಾಮಾಯಣ ಬರೆದಿದ್ದಾರೆ. ಅವರು ಅದನ್ನು ರಾಮಕಿಯನ್ ಎನ್ನುತ್ತಾರೆ. ರಾವಣ ಅಲ್ಲಿ ತೋತ್ಸಕಾನ್, ದಶಕಂಠ ಅನ್ನುವುದೇ ಹಾಗಾಗಿದೆ. ನಮಗೆ ಗೈಡ್ ಬೇಕಾಗುವುದಿಲ್ಲ. ಹನುಮಂತ ಬಾಯಿ ಅಗಲಿಸಿ ರಾಮನ ಬಿಡಾರವನ್ನೇ ಒಳಗಿಟ್ಟುಕೊಂಡು ಕಾಯುವ ಚಿತ್ರ ಹುಡುಕಿ, ನಮ್ಮ ಕಥೆಯಲ್ಲಿ ಇಲ್ಲದ ಇಂಥವು ಅಲ್ಲಿ ಸಿಗುತ್ತವೆ. ಅದೇ ಟಿಕೆಟಿನಲ್ಲಿ ವಾರದ ದಿನಗಳಲ್ಲಿ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದಲ್ಲಿ ಖೋನ್ ಎಂಬ ಮುಖವಾಡದ ಕುಣಿತ ನೋಡಬಹುದು. ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಟಿಕೆಟ್ ಬಿಸಾಡಿ ಹೋಗುತ್ತಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಆ ಕಿರೀಟ, ಆ ಹೆಜ್ಜೆ ತುಂಬ ಹತ್ತಿರದ್ದು ಅನ್ನಿಸುತ್ತದೆ.

ಬೆಳಗ್ಗೆ ಎಂಟೂವರೆಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಭುಜ, ಮೊಣಕಾಲು ಮುಚ್ಚಿರಬೇಕು. ದಾರಿಯಲ್ಲಿ ಯಾರಾದರೂ ನಗುನಗುತ್ತಾ ಬಂದು "ಇವತ್ತು ಅರಮನೆ ಬಂದ್, ನನ್ನ ಟುಕ್ ಟುಕ್ ಹತ್ತಿ, 20 ಬಾಟ್‌ಗೆ ಊರೆಲ್ಲ ತೋರಿಸುತ್ತೇನೆ" ಅಂದರೆ ನಿಲ್ಲದೆ ಮುಂದೆ ನಡೆಯಿರಿ. ಆ ಗಾಡಿ ಹರಳಿನ ಅಂಗಡಿ, ಸೂಟು ಹೊಲಿಯುವ ಅಂಗಡಿಗಳ ಮುಂದೆ ನಿಲ್ಲುತ್ತದೆ.

ಅರಮನೆ ಮುಗಿಸಿ ಥಾ ತಿಯನ್ ಕಟ್ಟೆಗೆ ಬಂದು 5 ಬಾಟ್‌ಗೆ ನದಿ ದಾಟಿದರೆ ವಾಟ್ ಅರುಣ್. ನಮ್ಮ ಅರುಣನ ಹೆಸರೇ. ಒಡೆದ ಪಿಂಗಾಣಿ ಚೂರು ಜೋಡಿಸಿ ಗೋಪುರದ ತುಂಬ ಹೂವು ಮಾಡಿದ್ದಾರೆ. ಟಿಕೆಟ್ 200. ದುಡ್ಡು ಬಿಗಿಯಾದರೆ ಒಳಗೆ ಹೋಗದೆ, ಸಂಜೆ ಈಚೆ ದಡದಿಂದ ನೋಡಿ. ಸೂರ್ಯ ಅದರ ಹಿಂದೆಯೇ ಇಳಿಯುತ್ತಾನೆ. ವಾಟ್ ಫೋಗೆ 300. ಅಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ ಇದ್ದಾನೆ. ಬೆನ್ನ ಹಿಂದಿನ ಓಣಿಯಲ್ಲಿ 108 ಕಂಚಿನ ಪಾತ್ರೆಗಳು. ಜನ ಒಂದೊಂದಕ್ಕೂ ಒಂದೊಂದು ಚಿಲ್ಲರೆ ನಾಣ್ಯ ಹಾಕುತ್ತಾ ಹೋಗುತ್ತಾರೆ. ಟಣ್ ಟಣ್ ಅನ್ನುವ ಆ ಸದ್ದು ನಿಲ್ಲುವುದೇ ಇಲ್ಲ. ಸುಮ್ನೆ ಕಂಬಕ್ಕೆ ಒರಗಿ ಹತ್ತು ನಿಮಿಷ ಕೇಳಿ. ಬಂಗಾರದ ಬೆಟ್ಟ ಅನ್ನುವ ವಾಟ್ ಸಾಕೇತ್‌ಗೆ 100 ಬಾಟ್, 300ಕ್ಕೂ ಜಾಸ್ತಿ ಮೆಟ್ಟಿಲು. ಫಾನ್ ಫಾ ಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರ.

ಹೆಜ್ಜೆ 8: ಪುಕ್ಕಟೆ ನೋಡುವುದು

ಎರವಾನ್ ಗುಡಿಯಲ್ಲಿ ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಬ್ರಹ್ಮನಿಗೆ ಪೂಜೆಯೇ ಅಪರೂಪ, ಅಲ್ಲಿ ನಡುರಸ್ತೆಯ ಮೂಲೆಯಲ್ಲಿ ದಿನವಿಡೀ ಜನ. ಸೀಲೋಮ್‌ನಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ. ಸಿಯಾಮ್ ಹತ್ತಿರದ ಬ್ಯಾಂಕಾಕ್ ಆರ್ಟ್ ಅಂಡ್ ಕಲ್ಚರ್ ಸೆಂಟರ್, ಸೋಮವಾರ ರಜೆ. ಲುಂಫಿನಿ ಪಾರ್ಕಿನಲ್ಲಿ ಕೆರೆಯ ಪಕ್ಕ ಆಳುದ್ದದ ಉಡಗಳು ಓಡಾಡುತ್ತವೆ, ಅವುಗಳ ಪಾಡಿಗೆ ಬಿಡಿ. ಸಂಜೆ 6ಕ್ಕೆ ರಾಷ್ಟ್ರಗೀತೆ ಬಂದಾಗ ಓಡುತ್ತಿದ್ದವರೆಲ್ಲ ನಿಲ್ಲುತ್ತಾರೆ, ನೀವೂ ನಿಲ್ಲಿ. ಶನಿವಾರ, ಭಾನುವಾರ ಚಟುಚಕ್ ಸಂತೆ.

ನನ್ನ ಮೆಚ್ಚಿನದು ಪಾಕ್ ಖ್ಲೋಂಗ್ ಹೂವಿನ ಮಾರುಕಟ್ಟೆ. ಎಂಆರ್‌ಟಿಯ ಸನಾಮ್ ಚಾಯ್ ನಿಲ್ದಾಣದ ಹತ್ತಿರ. ಹಗಲು ರಾತ್ರಿ ತೆರೆದಿರುತ್ತದೆ, ಬೆಳಗಿನ ಜಾವ ಹೋಗಬೇಕು. ಮೂಟೆ ಮೂಟೆ ಚೆಂಡುಹೂವು. ಪಕ್ಕದಲ್ಲಿ ಮಂಜುಗಡ್ಡೆಯ ಮೇಲೆ ಮಲ್ಲಿಗೆ ಮೊಗ್ಗು. ಅಜ್ಜಿಯೊಬ್ಬರು ಗೇಣುದ್ದದ ಸೂಜಿಗೆ ಮೊಗ್ಗು ಪೋಣಿಸುತ್ತಿದ್ದರು. ಅಮ್ಮ ಕೈಯಲ್ಲೇ ದಾರ ತಿರುವಿ ನಾವು ಕಟ್ಟುವ ಬಗೆ ತೋರಿಸಿದರು. ಆ ಅಜ್ಜಿ ಸೂಜಿ ಕೆಳಗಿಟ್ಟು, ಇನ್ನೊಂದು ಸಲ ಅಂತ ಕೈಸನ್ನೆ ಮಾಡಿದರು. ಆ ಹಾರಕ್ಕೆ ಅವರು ಅನ್ನುವ ಹೆಸರು ಮಾಲೈ.

ಹೆಜ್ಜೆ 9: ಒಂದು ದಿನ ಅಯುತ್ಥಯಾ

ಅಯೋಧ್ಯೆಯ ಹೆಸರಿಟ್ಟ ಹಳೆಯ ರಾಜಧಾನಿ, 1767ರಲ್ಲಿ ಬರ್ಮಾದ ಸೇನೆ ಹಾಳುಗೆಡವಿತು. ಏಜೆಂಟ್ ಟೂರ್ ಬೇಡ. ಹುವಾ ಲಂಫೋಂಗ್ ನಿಲ್ದಾಣದಿಂದ ಆರ್ಡಿನರಿ ರೈಲು ಹಿಡಿಯಿರಿ. ಮೂರನೇ ಕ್ಲಾಸಿಗೆ ಸುಮಾರು 20 ಬಾಟ್, ಎರಡು ಗಂಟೆ. ಆ ದಿನವೇ ಕೌಂಟರಿನಲ್ಲಿ ಟಿಕೆಟ್ ಸಿಗುತ್ತದೆ. ಇಳಿದು ನೇರ ನಡೆದರೆ ನದಿ, ದೋಣಿ ದಾಟಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ವಾಟ್ ಮಹಾಥಾಟ್‌ನಲ್ಲಿ ಮರದ ಬೇರುಗಳ ನಡುವೆ ಬುದ್ಧನ ಮುಖ ಇದೆ. ಫೋಟೋ ತೆಗೆಸಿಕೊಳ್ಳುವಾಗ ನಿಮ್ಮ ತಲೆ ಆ ಮುಖಕ್ಕಿಂತ ಕೆಳಗಿರಲಿ, ಕುಳಿತುಕೊಳ್ಳಿ.

ಒಟ್ಟು ಲೆಕ್ಕ

ಐದು ದಿನ, ನಾಲ್ಕು ರಾತ್ರಿಗೆ ಒಬ್ಬರ ಖರ್ಚು ಹೀಗೆ. ಹಾಸಿಗೆ 1,600. ಊಟ, ನೀರು, ಹಣ್ಣು 1,500. ಊರೊಳಗಿನ ಓಡಾಟ 500. ಏರ್‌ಪೋರ್ಟ್ ರೈಲು ಹೋಗಿ ಬರಲು 90. ಮೇಲೆ ಹೇಳಿದ ನಾಲ್ಕು ಟಿಕೆಟ್ 1,100. ಅಯುತ್ಥಯಾ 300. ಸಿಮ್‌ಗೆ 300. ಎಲ್ಲ ಸೇರಿ 5,390 ಬಾಟ್, ಮೂರರಿಂದ ಗುಣಿಸಿದರೆ ಸುಮಾರು 16,000 ರೂಪಾಯಿ. ವಿಮಾನದ ಟಿಕೆಟ್ ಬೇರೆ. ಟಿಕೆಟ್ ದರಗಳು ಆಗಾಗ ಏರುತ್ತವೆ, ಕೈಯಲ್ಲಿ ಇನ್ನೊಂದು ಸಾವಿರ ಬಾಟ್ ಇರಲಿ.

ವಾಪಸ್ ಬರುವ ದಿನ ಸುವರ್ಣಭೂಮಿಗೆ ಮೂರು ಗಂಟೆ ಮುಂಚೆ ಹೋಗಿ. ಇಮಿಗ್ರೇಷನ್ ದಾಟಿದ ಮೇಲೆ ಸಮುದ್ರ ಮಥನದ ದೊಡ್ಡ ಶಿಲ್ಪ ಇದೆ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ಹಾವು. ಅದರ ಮುಂದೆ ಕುಳಿತು ಉಳಿದ ಚಿಲ್ಲರೆ ಎಣಿಸಿಕೊಳ್ಳಿ. ನಮ್ಮ ಹತ್ತಿರ 43 ಬಾಟ್ ಉಳಿದಿತ್ತು. ಅಮ್ಮ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮುಂದಿನ ಸಲದ ದೋಣಿಗೆ ಆಯಿತು ಅಂದರು.